ಮೊದಲು ಜೇಬು ಅಳೆಯಿರಿ, ಆಮೇಲೆ ಪಿಸ್ತೂಲು

ಅಮೆರಿಕದ ಯಾವುದೇ ಗನ್ ಅಂಗಡಿಗೆ ಹೋದರೂ ಗಾಜಿನ ಕಪಾಟಿನ ಒಂದು ಮೂಲೆಯಲ್ಲಿ ಅಂಗೈಯಗಲದ ಪಿಸ್ತೂಲುಗಳು ಸಾಲಾಗಿ ಮಲಗಿರುತ್ತವೆ. ಮೊದಲ ಸಲ ಕೊಳ್ಳಲು ಬಂದವರ ಕಣ್ಣು ನೇರವಾಗಿ ಅಲ್ಲಿಗೇ ಹೋಗುತ್ತದೆ. ಹಗುರ, ಅಗ್ಗ, ಜೇಬಿಗೆ ಹಾಕಿಕೊಂಡರೆ ಇದೆಯೆಂದೇ ಅನ್ನಿಸದು. ಎಡವಟ್ಟು ಶುರುವಾಗುವುದೂ ಅಲ್ಲೇ. ಪಿಸ್ತೂಲು ಚಿಕ್ಕದಾದಷ್ಟೂ ಕೈಗೆ ಒದೆತ ಜಾಸ್ತಿ, ಹಿಡಿ ಸಾಲದು, ಗುರಿಮಣಿ ಕಾಣದು, ಗುಂಡು ಕಡಿಮೆ. ಹತ್ತು ವರ್ಷ ಅಭ್ಯಾಸವಿದ್ದವರ ಕೈಗೆ ಸರಿಹೋಗುವ ಸಾಮಾನು ಹೊಸಬರ ಸಾಮಾನು ಎಂದು ಮಾರಾಟವಾಗುತ್ತಿದೆ. ಹಾಗಂತ ಜೇಬಿನ ಪಿಸ್ತೂಲೇ ಬೇಡ ಎಂದಲ್ಲ. ನಿಮ್ಮ ಜೇಬು ಅಡಗಿಸಬಲ್ಲ ಅತಿ ದೊಡ್ಡದನ್ನು ಹುಡುಕಬೇಕೇ ಹೊರತು ಅಂಗಡಿಯಲ್ಲಿರುವ ಅತಿ ಚಿಕ್ಕದನ್ನಲ್ಲ.

ಇಲ್ಲಿ ಬರೆದಿರುವುದೆಲ್ಲ ಅಮೆರಿಕದಲ್ಲಿ, ಕಾನೂನು ಒಪ್ಪಿದ ಜನರಿಗೆ. ಭಾರತದಲ್ಲಿ 1959ರ ಶಸ್ತ್ರಾಸ್ತ್ರ ಕಾಯ್ದೆಯಡಿ ಲೈಸೆನ್ಸ್ ಇಲ್ಲದೆ ಇಂಥದ್ದನ್ನು ಮುಟ್ಟುವಂತಿಲ್ಲ. ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ ಇರುವ ವಿನಾಯಿತಿ ಕೋವಿಗೆ ಸಂಬಂಧಿಸಿದ್ದು, ಜೇಬಿನ ಪಿಸ್ತೂಲಿಗಲ್ಲ.

ಕೊಳ್ಳುವ ಮುಂಚೆ: ನಿಮಗೆ ಹಕ್ಕಿದೆಯೇ

ಅಮೆರಿಕದ ಕನ್ನಡಿಗರು ಎಡವುವುದು ಇಲ್ಲಿಯೇ. ಎಚ್-1ಬಿ, ಎಲ್-1, ಎಫ್-1, ಎಚ್-4, ಇವೆಲ್ಲ ವಲಸೆಯೇತರ ವೀಸಾಗಳು. ಈ ವೀಸಾದಲ್ಲಿರುವವರು ಬಂದೂಕನ್ನಾಗಲಿ ತೋಟಾವನ್ನಾಗಲಿ ಇಟ್ಟುಕೊಳ್ಳುವುದನ್ನು ಫೆಡರಲ್ ಕಾನೂನು ನಿಷೇಧಿಸುತ್ತದೆ. ಯಾವುದಾದರೂ ರಾಜ್ಯದ ಚಾಲ್ತಿಯಲ್ಲಿರುವ ಬೇಟೆ ಲೈಸೆನ್ಸ್ ಇದ್ದರೆ ಒಂದು ವಿನಾಯಿತಿ ಇದೆ. ಆದರೆ ವಲಸೆ ವಕೀಲರನ್ನು ಕೇಳದೆ ಅದನ್ನೇ ನಂಬಿ ಹೆಜ್ಜೆ ಇಡಬೇಡಿ. ಪಣಕ್ಕಿಟ್ಟಿರುವುದು ನಿಮ್ಮ ಗ್ರೀನ್ ಕಾರ್ಡ್ ಅರ್ಜಿಯನ್ನೇ. ಗ್ರೀನ್ ಕಾರ್ಡ್ ಬಂದವರಿಗೆ ಈ ತಡೆಯಿಲ್ಲ. ಮನೆಯಲ್ಲಿ ಒಬ್ಬರಿಗೆ ಗ್ರೀನ್ ಕಾರ್ಡ್ ಇದ್ದು ಇನ್ನೊಬ್ಬರು ವೀಸಾದಲ್ಲಿದ್ದರೆ, ಬಂದೂಕಿಡುವ ಪೆಟ್ಟಿಗೆಯ ಬೀಗದ ಕೈ ಅಥವಾ ಸಂಖ್ಯೆ ಆ ಇನ್ನೊಬ್ಬರಿಗೆ ಗೊತ್ತಿರಬಾರದು.

ಅಂಗಡಿಯಿಂದ ಪಿಸ್ತೂಲು ಕೊಳ್ಳಲು 21 ತುಂಬಿರಬೇಕು. 4473 ಎಂಬ ಫಾರಂ ತುಂಬಬೇಕು, ಹಿನ್ನೆಲೆ ತಪಾಸಣೆ ಆಗುತ್ತದೆ. ಆ ಫಾರಂನಲ್ಲಿ ಸುಳ್ಳು ಬರೆದರೆ ಅದೇ ಒಂದು ಪ್ರತ್ಯೇಕ ಅಪರಾಧ. ಅಡಗಿಸಿ ಒಯ್ಯುವ ಪರವಾನಗಿಯ ನಿಯಮ ರಾಜ್ಯಕ್ಕೊಂದು. ಅರ್ಧಕ್ಕಿಂತ ಹೆಚ್ಚು ರಾಜ್ಯಗಳಲ್ಲಿ ಈಗ ಪರವಾನಗಿಯೇ ಬೇಕಿಲ್ಲ. ಸುಪ್ರೀಂ ಕೋರ್ಟಿನ 2022ರ ಬ್ರೂಯೆನ್ ತೀರ್ಪಿನ ನಂತರ ನ್ಯೂಯಾರ್ಕ್, ನ್ಯೂಜೆರ್ಸಿಗಳೂ ಸಾಮಾನ್ಯ ಅರ್ಜಿದಾರರಿಗೆ ಪರವಾನಗಿ ಕೊಡಲೇಬೇಕಾಗಿ ಬಂತು, ಆದರೆ ಷರತ್ತು ಹೆಚ್ಚು. ಪರವಾನಗಿ ಬೇಡದ ರಾಜ್ಯದಲ್ಲಿದ್ದರೂ ಅದನ್ನು ಪಡೆದುಕೊಳ್ಳಿ: ಪಕ್ಕದ ರಾಜ್ಯಕ್ಕೆ ಹೋದಾಗ ಬೇಕಾಗುತ್ತದೆ, ಶಾಲೆಯಿಂದ 1,000 ಅಡಿಯೊಳಗೆ ಬಂದೂಕು ಒಯ್ಯಬಾರದೆಂಬ ಫೆಡರಲ್ ನಿಷೇಧಕ್ಕೂ ಆಯಾ ರಾಜ್ಯದ ಪರವಾನಗಿಯೇ ರಕ್ಷೆ. ಅಂಚೆ ಕಚೇರಿ, ಫೆಡರಲ್ ಕಟ್ಟಡ, ವಿಮಾನ ನಿಲ್ದಾಣದ ತಪಾಸಣೆಯಾಚೆಯ ಜಾಗ ಎಲ್ಲೂ ಒಯ್ಯುವಂತಿಲ್ಲ.

ಕಾನೂನು ಆಯ್ಕೆಯನ್ನೂ ಕಿರಿದು ಮಾಡುತ್ತದೆ. ಕ್ಯಾಲಿಫೋರ್ನಿಯಾದಲ್ಲಿ ಅಂಗಡಿಯವರು ಮಾರಬಹುದಾದ ಕೈಬಂದೂಕುಗಳದ್ದೇ ಒಂದು ಪಟ್ಟಿಯಿದೆ. ಅದರಲ್ಲಿಲ್ಲದ ಹೊಸ ಮಾದರಿ ಎಷ್ಟು ಚೆನ್ನಾಗಿದ್ದರೂ ಸಿಗದು. ಕ್ಯಾಲಿಫೋರ್ನಿಯಾ, ನ್ಯೂಯಾರ್ಕ್, ನ್ಯೂಜೆರ್ಸಿ, ಮ್ಯಾಸಚೂಸೆಟ್ಸ್, ಕನೆಕ್ಟಿಕಟ್‌ಗಳಲ್ಲಿ ಮ್ಯಾಗಝೀನಿಗೆ (ಹಿಡಿಯೊಳಗೆ ಕೂರುವ ಗುಂಡಿನ ಡಬ್ಬಿ) 10 ಗುಂಡಿನ ಮಿತಿ. ನ್ಯೂಜೆರ್ಸಿಯಲ್ಲಿ ತುದಿ ಟೊಳ್ಳಾದ ಹಾಲೋಪಾಯಿಂಟ್ ಗುಂಡನ್ನು ಜೇಬಿನಲ್ಲಿ ಒಯ್ಯುವುದಕ್ಕೂ ಅಡ್ಡಿಯಿದೆ.

ಜೇಬು

ಬಲಗೈಯವರ ಲೆಕ್ಕದಲ್ಲಿ ಜೇಬೆಂದರೆ ಪ್ಯಾಂಟಿನ ಬಲ ಮುಂಜೇಬು. ಹಿಂಜೇಬಿನಲ್ಲಿಟ್ಟರೆ ಕೂತಾಗ ತೆಗೆಯಲಾಗದು. ಕೋಟಿನ ಜೇಬು ಚಳಿಗಾಲಕ್ಕೆ ಅನುಕೂಲ ಅನ್ನಿಸಿದರೂ ಹೋಟೆಲಿಗೆ ಹೋದಾಗ ಕೋಟು ಬಿಚ್ಚಿ ಕುರ್ಚಿಗೆ ಹಾಕುತ್ತೀರಿ. ಪಿಸ್ತೂಲು ಕುರ್ಚಿಯ ಪಾಲಾಯಿತು. ಜುಬ್ಬಾದ ಪಕ್ಕದ ಜೇಬಂತೂ ಕೇಳಲೇಬೇಡಿ, ನಡೆದಾಗಲೆಲ್ಲ ಗಡಿಯಾರದ ಲೋಲಕದ ಹಾಗೆ ತೊಡೆಗೆ ಬಡಿಯುತ್ತದೆ.

ಅಂಗಡಿಗೆ ಹೋಗುವ ಮುಂಚೆ ಮನೆಯಲ್ಲೇ ಒಂದು ಪರೀಕ್ಷೆ ಮಾಡಬಹುದು. ದಪ್ಪ ರಟ್ಟಿನಲ್ಲಿ ಎರಡು ಆಕಾರ ಕತ್ತರಿಸಿ: 13 ಸೆಂ.ಮೀ. ಉದ್ದ 9 ಸೆಂ.ಮೀ. ಎತ್ತರದ್ದೊಂದು, 16ಕ್ಕೆ 11ರದ್ದೊಂದು. ಮೊದಲನೆಯದು ರೂಗರ್ ಕಂಪನಿಯ ಎಲ್‌ಸಿಪಿ ಎಂಬ ಪುಟ್ಟ ಪಿಸ್ತೂಲಿನ ಅಳತೆ, ಎರಡನೆಯದು ಹೆಚ್ಚುಕಡಿಮೆ ಚಿಕ್ಕ ರಿವಾಲ್ವರಿನದು. ಇಂಗ್ಲಿಷಿನ ಎಲ್ ಅಕ್ಷರ ಮಲಗಿದ ಹಾಗೆ ಕತ್ತರಿಸಿ, ಹಿಡಿ ಮೇಲಕ್ಕೂ ನಳಿಗೆ ಕೆಳಕ್ಕೂ ಬರುವಂತೆ ಜೇಬಿಗಿಳಿಸಿ. ಹಿಡಿಯ ತುದಿ ಜೇಬಿನ ಬಾಯಿಂದ ಇಣುಕಿದರೆ ಜೇಬು ಆಳವಿಲ್ಲ. ಈಗ ಜೇಬಿಗೆ ಕೈ ಹಾಕಿ ರಟ್ಟನ್ನು ಬಿಗಿಯಾಗಿ ಹಿಡಿದು ಹೊರಗೆಳೆಯಿರಿ. ತೆರೆದ ಅಂಗೈ ಸಲೀಸಾಗಿ ಒಳಗೆ ಹೋಗುತ್ತದೆ, ಮುಷ್ಟಿ ಹೊರಬರುವುದಿಲ್ಲ. ಮಡಕೆಯೊಳಗೆ ಕಡಲೆ ಹಿಡಿದ ಕೋತಿಯ ಪಾಡು. ಬಿಗಿ ಜೀನ್ಸಿನಲ್ಲಿ ಇದು ಖಂಡಿತ ಆಗುತ್ತದೆ. ಆಗ ಬದಲಾಗಬೇಕಾದ್ದು ಪ್ಯಾಂಟು.

ಆಮೇಲೆ ತೂಕ. ಚಿಲ್ಲರೆ ಕಾಸನ್ನು ಚೀಲಕ್ಕೆ ಹಾಕಿ 350 ಗ್ರಾಂ ತೂಗಿಸಿ ಒಂದು ದಿನ ಜೇಬಿನಲ್ಲಿಟ್ಟು ಓಡಾಡಿ, ಮಾರನೆಯ ದಿನ 500 ಗ್ರಾಂ. ಗುಂಡು ತುಂಬಿದ ಎಲ್‌ಸಿಪಿ ಮೊದಲನೆಯದರ ಹತ್ತಿರ, ಗುಂಡು ತುಂಬಿದ ಹಗುರ ರಿವಾಲ್ವರ್ ಎರಡನೆಯದರ ಹತ್ತಿರ. ಅರ್ಧ ಕಿಲೋ ದಾಟಿದರೆ ಹೆಚ್ಚಿನವರಿಗೆ ಪ್ಯಾಂಟು ಒಂದು ಕಡೆ ಜೋಲುತ್ತದೆ, ಎರಡನೇ ವಾರಕ್ಕೆ ಪಿಸ್ತೂಲು ಮನೆಯಲ್ಲೇ ಉಳಿಯಲು ಶುರುವಾಗುತ್ತದೆ. ಗಟ್ಟಿ ಬೆಲ್ಟು ಜೇಬಿನ ಪಿಸ್ತೂಲಿಗೂ ಬೇಕು, ಈ ಮಾತನ್ನು ಯಾರೂ ಹೇಳುವುದಿಲ್ಲ.

ದಪ್ಪವನ್ನೂ ಮರೆಯಬೇಡಿ. 25 ಮಿ.ಮೀ. ಒಳಗಿದ್ದರೆ ತೆಳು ಬಟ್ಟೆಯಲ್ಲೂ ಮರೆಯಾಗುತ್ತದೆ. ಇನ್ನೊಂದು ಮಾತು: ಫೋನು, ಕಾರಿನ ಕೀ, ಚಿಲ್ಲರೆ ಎಲ್ಲ ಆ ಜೇಬಿನಿಂದ ಇವತ್ತೇ ಎಡಜೇಬಿಗೆ ವರ್ಗವಾಗಲಿ. ಪಿಸ್ತೂಲಿನ ಜೇಬಿನಲ್ಲಿ ಪಿಸ್ತೂಲು ಬಿಟ್ಟು ಒಂದು ಕಾಗದದ ಚೂರೂ ಇರಬಾರದು. ಕೀ ಆಗಲಿ ಪೆನ್ನಿನ ತುದಿಯಾಗಲಿ ಟ್ರಿಗರಿನ ಬಳೆಯೊಳಗೆ ಹೊಕ್ಕರೆ ಗುಂಡು ಹಾರುತ್ತದೆ, ಹಾರುವುದು ನಿಮ್ಮ ತೊಡೆಯ ಕಡೆಗೇ. ಅಭ್ಯಾಸ ಬದಲಾಗಲು ಎರಡು ವಾರವಾದರೂ ಬೇಕು, ಅದಕ್ಕೇ ಪಿಸ್ತೂಲು ಬರುವ ಮುಂಚೆಯೇ ಶುರುಮಾಡಿ.

ರಿವಾಲ್ವರೋ ಪಿಸ್ತೂಲೋ

ಜೇಬಿಗೆಂದೇ ಹುಟ್ಟಿದ ರಿವಾಲ್ವರ್ ವಂಶ ಸ್ಮಿತ್ ಅಂಡ್ ವೆಸನ್ನಿನ ಜೆ-ಫ್ರೇಮ್. 1950ರಲ್ಲಿ ಚೀಫ್ಸ್ ಸ್ಪೆಷಲ್ ಬಂತು. ಎರಡು ವರ್ಷದ ನಂತರ ಹ್ಯಾಮರನ್ನು (ತೋಟಾ ಹೊತ್ತಿಸಲು ಬಡಿಯುವ ಸುತ್ತಿಗೆ) ಒಳಗೇ ಮುಚ್ಚಿಟ್ಟ ಸೆಂಟೆನಿಯಲ್. ಇವತ್ತು ಜೇಬಿಗೆ ಕೊಳ್ಳಬೇಕಾದ 442 ಮತ್ತು 642 ಆ ಸೆಂಟೆನಿಯಲ್ ಮನೆತನದವೇ: ಅಲ್ಯುಮಿನಿಯಂ ಮಿಶ್ರಲೋಹದ ಚೌಕಟ್ಟು, 5 ಗುಂಡು, .38 ಸ್ಪೆಷಲ್ ಅಳತೆಯ ತೋಟಾ, ಖಾಲಿ ತೂಕ ಸುಮಾರು 410 ಗ್ರಾಂ. 442 ಕಪ್ಪು, 642 ಬೆಳ್ಳಿ ಬಣ್ಣ. ಹೊರಗೆ ಹ್ಯಾಮರ್ ಇರುವ ಮಾದರಿ ಜೇಬಿಗೆ ಬೇಡ, ಅದರ ಮೊನೆ ಜೇಬಿನ ಅಸ್ತರಿಗೆ ಸಿಕ್ಕಿಕೊಳ್ಳುತ್ತದೆ. 2009ರಲ್ಲಿ ಬಂದ ರೂಗರ್ ಎಲ್‌ಸಿಆರ್ ಅದರ ನೇರ ಎದುರಾಳಿ. ಸುಮಾರು 383 ಗ್ರಾಂ, ಅದೇ 5 ಗುಂಡು, ಟ್ರಿಗರ್ ಮಾತ್ರ ಪೆಟ್ಟಿಗೆಯಿಂದ ತೆಗೆದ ದಿನವೇ ಜೆ-ಫ್ರೇಮಿಗಿಂತ ನಯ.

ರಿವಾಲ್ವರಿನ ಗುಣ ಗೊತ್ತಾಗುವುದು ಇಕ್ಕಟ್ಟಿನಲ್ಲಿ. ಎದುರಿನವನ ಮೈಗೆ ತಾಗಿಸಿದರೆ ಪಿಸ್ತೂಲಿನ ಸ್ಲೈಡ್, ಅಂದರೆ ಹಿಂದೆಮುಂದೆ ಜಾರುವ ಮೇಲ್ಭಾಗ, ಒಂದೆರಡು ಮಿ.ಮೀ. ಹಿಂದಕ್ಕೆ ಸರಿದು ಗುಂಡೇ ಹಾರದಿರಬಹುದು. ರಿವಾಲ್ವರಿಗೆ ಆ ತೊಂದರೆಯಿಲ್ಲ. ಕೋಟಿನ ಜೇಬಿನೊಳಗಿಂದ ಹಾರಿಸಬೇಕಾಗಿ ಬಂದರೆ ಪಿಸ್ತೂಲು ಒಂದು ಗುಂಡಿಗೇ ಬಟ್ಟೆಗೆ ಸಿಕ್ಕಿ ನಿಂತೀತು. ಹ್ಯಾಮರ್ ಮುಚ್ಚಿದ ರಿವಾಲ್ವರ್ ಮುಂದುವರಿಯುತ್ತದೆ. ಸಡಿಲವಾಗಿ ಹಿಡಿದರೆ ಹಗುರ ಪಿಸ್ತೂಲಿನ ಸ್ಲೈಡ್ ಪೂರ್ತಿ ಹಿಂದಕ್ಕೆ ಹೋಗದೆ ತೋಟಾ ಸಿಕ್ಕಿಹಾಕಿಕೊಳ್ಳುತ್ತದೆ. ರಿವಾಲ್ವರಿಗೆ ಹಿಡಿ ಹೇಗಿದ್ದರೂ ಸರಿ.

ದೋಷ? ಸಿಲಿಂಡರ್ (ಗುಂಡು ತುಂಬುವ, ತಿರುಗುವ ಉರುಳೆ) ಹತ್ತಿರ 33 ಮಿ.ಮೀ. ದಪ್ಪ. 5 ಗುಂಡು ಮುಗಿದರೆ ತುಂಬುವುದು ನಿಧಾನ. ಟ್ರಿಗರ್ ಎಳೆತ ಸುಮಾರು 12 ಪೌಂಡ್, ಅಂದರೆ ಐದೂವರೆ ಕಿಲೋ ಹತ್ತಿರ, ಬಂದೂಕಿನ ತೂಕಕ್ಕಿಂತ ಹತ್ತು ಪಟ್ಟು ಮೀರಿದ ಬಲ. ಎಳೆಯುವಾಗ ನಳಿಗೆಯೇ ಓಲಾಡುತ್ತದೆ. ಗಾಬರಿಯಲ್ಲಿ ಟ್ರಿಗರನ್ನು ಪೂರ್ತಿ ಮುಂದಕ್ಕೆ ಬಿಡದೆ ಮತ್ತೆ ಎಳೆದರೆ ಸಿಲಿಂಡರ್ ತಿರುಗಿಯೂ ಗುಂಡು ಹಾರದ ಸ್ಥಿತಿ ಬರಬಹುದು. ರಿವಾಲ್ವರ್ ಕೆಡುವುದೇ ಇಲ್ಲ ಎಂಬ ಮಾತನ್ನು ನಂಬಬೇಡಿ. ಸುಡದೆ ಉಳಿದ ಮದ್ದಿನ ಕಾಳು ಖೋಲು ಹೊರತಳ್ಳುವ ನಕ್ಷತ್ರದ ಕೆಳಗೆ ಸೇರಿದರೂ ಸಾಕು, ಸಿಲಿಂಡರ್ ಬಿಗಿಯುತ್ತದೆ. ಪಿಸ್ತೂಲು ಕೆಟ್ಟರೆ ಕೈಯಲ್ಲೇ ಸರಿಪಡಿಸಿಕೊಳ್ಳಬಹುದು. ರಿವಾಲ್ವರ್ ಕೆಟ್ಟರೆ ಬೆಂಚು, ಸ್ಕ್ರೂಡ್ರೈವರು, ತಾಳ್ಮೆ ಬೇಕು.

ಪಿಸ್ತೂಲಿನ ಕಡೆ, ಈಗಿನ ಪೀಳಿಗೆಯ ಮೂಲ ಕೆಲ್-ಟೆಕ್. 1999ರ ಪಿ-32, ಆಮೇಲೆ .380 ತೋಟಾ ಹಾರಿಸುವ ಪಿ-3ಎಟಿ. 2008ರಲ್ಲಿ ಅದೇ ಜಾಡಿನಲ್ಲಿ ರೂಗರ್ ಎಲ್‌ಸಿಪಿ ಬಂದು ಜೇಬಿನ ಪಿಸ್ತೂಲನ್ನು ಮನೆಮಾತು ಮಾಡಿತು: 272 ಗ್ರಾಂ, 21 ಮಿ.ಮೀ. ದಪ್ಪ, ಮ್ಯಾಗಝೀನಿನಲ್ಲಿ 6, ನಳಿಗೆಯಲ್ಲಿ 1. 2021ರ ಎಲ್‌ಸಿಪಿ ಮ್ಯಾಕ್ಸ್ ಹೆಚ್ಚುಕಡಿಮೆ ಅದೇ ದಪ್ಪದಲ್ಲಿ, 300 ಗ್ರಾಂನಲ್ಲಿ 10 ಗುಂಡು ಹಿಡಿಸಿತು, ಕಾಣುವಂಥ ಗುರಿಮಣಿಯನ್ನೂ ಕೊಟ್ಟಿತು. 2024ರಲ್ಲಿ ಸ್ಮಿತ್ ಅಂಡ್ ವೆಸನ್ ಬಾಡಿಗಾರ್ಡ್ 2.0 ಅದೇ ಲೆಕ್ಕದ್ದು. ಹಳೆಯ ಎಲ್‌ಸಿಪಿಯ ಗುರಿಮಣಿ ಸ್ಲೈಡಿನ ಮೇಲಿನ ಒಂದು ಉಬ್ಬು ಅಷ್ಟೇ. ಇವೆರಡು ಬಂದ ಮೇಲೆ ಅದನ್ನು ಕೊಳ್ಳಲು ಬೆಲೆಯೊಂದೇ ಕಾರಣ. ಗ್ಲಾಕ್ 42 ಸ್ವಲ್ಪ ದೊಡ್ಡದು, ಆದರೆ .380ಯನ್ನು ಅಷ್ಟು ಮೆತ್ತಗೆ ಹಾರಿಸುವ ಚಿಕ್ಕ ಪಿಸ್ತೂಲು ಕಡಿಮೆ. 2018ರ ಸಿಗ್ ಪಿ365 ನಿಜವಾದ 9 ಎಂಎಂ, 10 ಗುಂಡು. ಖಾಲಿಯೇ ಅರ್ಧ ಕಿಲೋ. ದೊಗಳೆ ಪ್ಯಾಂಟಿನವರಿಗೆ ಜೇಬಿನದು, ಉಳಿದವರಿಗೆ ಸೊಂಟದ್ದು.

ಇವುಗಳಲ್ಲಿ ಒಂದನ್ನು ಹೇಳಿ ಅಂದರೆ: ಸ್ಲೈಡ್ ಎಳೆಯುವ ಬಲವಿದ್ದು ತಿಂಗಳಿಗೊಮ್ಮೆ ಗುರಿ ಅಭ್ಯಾಸದ ರೇಂಜಿಗೆ ಹೋಗುವವರಿಗೆ ಎಲ್‌ಸಿಪಿ ಮ್ಯಾಕ್ಸ್ ಅಥವಾ ಬಾಡಿಗಾರ್ಡ್ 2.0, ಟ್ರಿಗರ್ ಎಳೆಯುವ ಬಲವಿದ್ದು ಸ್ಲೈಡಿಗೆ ಬಲವಿಲ್ಲದವರಿಗೆ, ಅಥವಾ ನಳಿಗೆಯಲ್ಲಿ ಗುಂಡಿಟ್ಟುಕೊಂಡು ತಿರುಗಲು ಅಂಜುವವರಿಗೆ ಎಲ್‌ಸಿಆರ್ ಅಥವಾ 642. ಬೆರಳಿಗೂ ಬಲವಿಲ್ಲ, ತೋಳಿಗೂ ಇಲ್ಲ ಎನ್ನುವವರಿಗೆ ಜೇಬಿನ ಬಂದೂಕೇ ಸರಿಯಾದ ಉತ್ತರವಲ್ಲ. ನಳಿಗೆ ಮುಂದಕ್ಕೆ ಬಾಗಿ ತೆರೆದುಕೊಳ್ಳುವ ಬೆರೆಟಾ ಮಾದರಿಗಳಿಗೆ ಸ್ಲೈಡ್ ಎಳೆಯದೆ ಗುಂಡು ತುಂಬಬಹುದು, ಅಂಥವರು ಅದನ್ನೊಮ್ಮೆ ನೋಡಬಹುದು.

ಟ್ರಿಗರಿನ ಬಗ್ಗೆ ಅಂಗಡಿಯಲ್ಲಿ ಒಂದು ಮೋಸ ಕಾದಿರುತ್ತದೆ. ಹಗುರ, ಗಿಡ್ಡ ಎಳೆತದ ಟ್ರಿಗರ್ ಕೌಂಟರಿನ ಮೇಲೆ ಬಹಳ ಹಿತವಾಗಿರುತ್ತದೆ. ಜೇಬಿನೊಳಗೆ ಕಣ್ಣಿಲ್ಲದೆ ಕೈಯಾಡಿಸುವಾಗ ಉದ್ದ ಎಳೆತವೇ ಕಾವಲು. ಸಿಗ್ ಪಿ238ರಂತೆ ಹ್ಯಾಮರ್ ಎತ್ತಿಟ್ಟು ಹೆಬ್ಬೆರಳ ಸೇಫ್ಟಿ ಹಾಕಿ ಒಯ್ಯಬೇಕಾದ ಪಿಸ್ತೂಲುಗಳಲ್ಲಿ ಸೇಫ್ಟಿ ಜೇಬಿನ ಉಜ್ಜಾಟಕ್ಕೆ ತಾನೇ ಕೆಳಗಿಳಿಯುವುದುಂಟು. ಅವು ಗಟ್ಟಿ ಹೋಲ್‌ಸ್ಟರಿಗೆ (ಬಂದೂಕಿನ ಒರೆ), ಪಳಗಿದ ಕೈಗೆ ಮಾತ್ರ.

ನಳಿಗೆ ಖಾಲಿ ಇಟ್ಟುಕೊಂಡರಾಯಿತು, ಬೇಕಾದಾಗ ಸ್ಲೈಡ್ ಎಳೆದರಾಯಿತು ಎನ್ನುವವರಿದ್ದಾರೆ. ಒಂದು ಕೈಯಲ್ಲಿ ಮಗು ಇದ್ದರೆ?

ಹಳೆಯ, ಅಗ್ಗದ, ಒಂದೆರಡೇ ಗುಂಡಿನ ಡೆರಿಂಜರ್‌ಗಳನ್ನೂ .25 ತೋಟಾದ ಪುಟಾಣಿಗಳನ್ನೂ ಬಿಟ್ಟುಬಿಡಿ. ಅವುಗಳಲ್ಲಿ ಎಷ್ಟೋ, ಕೆಳಗೆ ಬಿದ್ದರೆ ಹಾರುವ ಕಾಲದವು. ಬಿದ್ದರೆ ಹಾರದಂತೆ ನೋಡಿಕೊಳ್ಳುವುದು ಹೊಸ ಮಾದರಿಗಳಿಗೂ ಸುಲಭದ ಕೆಲಸವೇನಲ್ಲ. 2008ರ ಅಕ್ಟೋಬರಿನಲ್ಲಿ ರೂಗರ್ ಇದೇ ಕಾರಣಕ್ಕೆ ಮೊದಲ ಎಲ್‌ಸಿಪಿಗಳನ್ನು ವಾಪಸು ಕರೆಸಿಕೊಂಡಿತ್ತು. ಅವುಗಳ ಸೀರಿಯಲ್ ನಂಬರ್ 370ರಿಂದ ಶುರುವಾಗುತ್ತದೆ. ಸೆಕೆಂಡ್ ಹ್ಯಾಂಡ್ ಎಲ್‌ಸಿಪಿ ಸಿಕ್ಕರೆ ಮೊದಲು ಆ ಮೂರು ಅಂಕಿ ನೋಡಿ, ರಿಪೇರಿ ಆಗಿದೆಯೇ ಎಂದು ಕಂಪನಿಯನ್ನೇ ಕೇಳಿ.

ಗುಂಡಿನ ಅಳತೆ

ಎಫ್‌ಬಿಐ ಪರೀಕ್ಷೆಯ ಅಳತೆಗೋಲು ಸರಳ: ಗುಂಡು ಜೆಲಟಿನ್ ಮುದ್ದೆಯಲ್ಲಿ 12ರಿಂದ 18 ಅಂಗುಲ ಹೊಗಬೇಕು. ಪೂರ್ತಿ ಉದ್ದದ ಪಿಸ್ತೂಲಿನ 9 ಎಂಎಂ ಇದನ್ನು ಸಲೀಸಾಗಿ ದಾಟುತ್ತದೆ. ಎರಡೂಮುಕ್ಕಾಲು ಅಂಗುಲ ನಳಿಗೆಯ .380 ತಿಣುಕುತ್ತದೆ. ಹಾಲೋಪಾಯಿಂಟ್ ಅರಳಿದರೆ ಆಳ ಸಾಲದು. ಆಳಕ್ಕೆ ಹೋದರೆ ಅರಳಿರುವುದಿಲ್ಲ. ಆದ್ದರಿಂದ .380ಗೆ ತೀರ ದೊಡ್ಡದಾಗಿ ಅರಳುವ, ಹಗುರ ಗುಂಡನ್ನು ಬಿಟ್ಟು, ಹಾರ್ನಡಿ ಎಕ್ಸ್‌ಟಿಪಿಯಂತೆ ಹದವಾಗಿ ಅರಳುವ 90 ಗ್ರೇನಿನದ್ದನ್ನೋ (ಗ್ರೇನ್ ಎಂದರೆ ಗುಂಡಿನ ತೂಕದ ಅಳತೆ) ಫೆಡರಲ್ಲಿನ 99 ಗ್ರೇನ್ ಹೈಡ್ರಾ-ಶಾಕ್ ಡೀಪನ್ನೋ ನೋಡುತ್ತಾರೆ.

.38ರಲ್ಲಿ ಆಯ್ಕೆ ಹೆಚ್ಚು. ಗಿಡ್ಡ ನಳಿಗೆಗೆಂದೇ ಮಾಡಿದ ಸ್ಪೀರ್ ಗೋಲ್ಡ್ ಡಾಟ್ 135 ಗ್ರೇನ್ +ಪಿ (ಒತ್ತಡ ಹೆಚ್ಚಿರುವ ತೋಟಾ) ಹೆಸರುವಾಸಿ, ಆದರೆ 410 ಗ್ರಾಂ ರಿವಾಲ್ವರಿನಲ್ಲಿ ಅದರ ಒದೆತ ಮೊಣಕೈವರೆಗೂ ಬರುತ್ತದೆ. ಹಳಬರ ಗುಟ್ಟು 148 ಗ್ರೇನಿನ ವಾಡ್‌ಕಟರ್: ತುದಿ ಮಟ್ಟಸವಾಗಿ ಕತ್ತರಿಸಿದ ಸೀಸದ ಗುಂಡು, ಗುರಿಹಲಗೆಯ ಸ್ಪರ್ಧೆಗೆಂದು ಹುಟ್ಟಿದ್ದು. ಒದೆತ ಮೃದು, ಆಳ ಸಾಕಷ್ಟು, ಅರಳುವ ಹಂಗಿಲ್ಲ. ಒಂದೇ ಕಿರಿಕಿರಿ, ಮೊಂಡು ತುದಿ ಸಿಲಿಂಡರಿನ ತೂತಿಗೆ ಬೇಗ ಇಳಿಯದು. ಸಿಲಿಂಡರಿನಲ್ಲಿ ವಾಡ್‌ಕಟರ್, ಮತ್ತೆ ತುಂಬಲು ಎಡಜೇಬಿನಲ್ಲಿಟ್ಟ ತೋಟಾ ಸಿಕ್ಕಿಸುವ ಪಟ್ಟಿಯಲ್ಲಿ ದುಂಡುತುದಿಯದ್ದು, ಹೀಗೆ ಇಟ್ಟುಕೊಳ್ಳುವವರು ಜಾಣರು.

ಅತಿ ಹಗುರ ರಿವಾಲ್ವರಿನಲ್ಲಿ ಇನ್ನೊಂದು ಕಾಟ. ಬಂದೂಕು ಹಿಂದಕ್ಕೆ ಒದ್ದಾಗ ಉಳಿದ ತೋಟಾಗಳ ಖೋಲು ಜೊತೆಯಲ್ಲೇ ಹಿಂದೆ ಹೋಗುತ್ತದೆ, ಬಿಗಿ ಸಾಲದ ಗುಂಡು ಮಾತ್ರ ಇದ್ದಲ್ಲೇ ಉಳಿದು ಖೋಲಿನಿಂದ ಮುಂದಕ್ಕೆ ಇಣುಕುತ್ತದೆ. ಹಾಗೆ ಇಣುಕಿದ ಗುಂಡು ಚೌಕಟ್ಟಿಗೆ ತಾಗಿ ಸಿಲಿಂಡರ್ ತಿರುಗುವುದು ನಿಲ್ಲುತ್ತದೆ. ಪರೀಕ್ಷೆ ಸುಲಭ: 5 ತುಂಬಿ 4 ಹಾರಿಸಿ, ಐದನೆಯದರ ಉದ್ದವನ್ನು ಹಾರಿಸದ ಹೊಸದರ ಪಕ್ಕ ಹಿಡಿದು ನೋಡಿ. ಉದ್ದವಾಗಿದ್ದರೆ ಆ ಬ್ರ್ಯಾಂಡ್ ನಿಮ್ಮ ಬಂದೂಕಿಗಲ್ಲ.

.32 ಎಸಿಪಿ ಒದೆತದಲ್ಲಿ ದೇವರಂಥದ್ದು, ಆದರೆ ಅದರ ಖೋಲಿಗೆ ಸಣ್ಣ ಅಂಚಿದೆ. ಗಿಡ್ಡ ಹಾಲೋಪಾಯಿಂಟ್ ತುಂಬಿದರೆ ಮ್ಯಾಗಝೀನಿನಲ್ಲಿ ತೋಟಾ ಹಿಂದೆಮುಂದೆ ಜಾರಿ, ಮೇಲಿನದರ ಅಂಚು ಕೆಳಗಿನದರ ಅಂಚಿನ ಹಿಂದೆ ಸಿಕ್ಕಿಕೊಳ್ಳುತ್ತದೆ. ಸಿಕ್ಕಿದರೆ ಸಾಧಾರಣ ಅಲುಗಾಟಕ್ಕೆ ಬಿಡದು. ಪೂರ್ತಿ ತಾಮ್ರದ ಹೊದಿಕೆಯ, ಉದ್ದ ಸರಿಯಿರುವ ಗುಂಡನ್ನೇ ಹಾಕಿ. .22 ಬಗ್ಗೆ ಹೇಳುವುದು ಇಷ್ಟೇ: ರಿವಾಲ್ವರಿನಲ್ಲಾದರೆ ಪರವಾಗಿಲ್ಲ, ಏಕೆಂದರೆ .22ರಂಥ ರಿಮ್‌ಫೈರ್ (ಅಂಚಿಗೆ ಬಡಿದು ಹೊತ್ತಿಸುವ) ತೋಟಾ ಕೈಕೊಡುವುದು ಹೆಚ್ಚು, ಕೈಕೊಟ್ಟಾಗ ಮತ್ತೊಮ್ಮೆ ಟ್ರಿಗರ್ ಎಳೆದರೆ ಮುಂದಿನದು ಬರುತ್ತದೆ.

ಕೌಂಟರಿನ ಮುಂದೆ

ಕೈಗೆ ಕೊಟ್ಟ ಕೂಡಲೇ ನಳಿಗೆಯನ್ನು ಯಾರ ಕಡೆಗೂ ತಿರುಗಿಸದೆ ಮೊದಲು ಮ್ಯಾಗಝೀನ್ ತೆಗೆಯಿರಿ, ನಂತರ ಸ್ಲೈಡ್ ಹಿಂದಕ್ಕೆಳೆದು ಕಣ್ಣಿಂದ ನೋಡಿ, ಬೆರಳಿಂದ ಮುಟ್ಟಿ ಖಾಲಿ ಎಂದು ಖಾತ್ರಿ ಮಾಡಿಕೊಳ್ಳಿ. ಈ ಕ್ರಮ ತಿರುಗುಮುರುಗಾದರೆ ಸ್ಲೈಡ್ ಮ್ಯಾಗಝೀನಿನಿಂದ ಹೊಸ ಗುಂಡನ್ನು ಒಳಗೆ ತಳ್ಳಿರುತ್ತದೆ.

ಕಿರುಬೆರಳು ಹಿಡಿಯ ಕೆಳಗೆ ಗಾಳಿಯಲ್ಲಿ ನೇತಾಡುತ್ತದೆಯೇ? ಚಿಕ್ಕ ಪಿಸ್ತೂಲಿನಲ್ಲಿ ಇದು ಸಹಜ. ಮ್ಯಾಗಝೀನಿನ ಅಡಿಗೆ ಚಾಚು ಹಾಕಿದರೆ ಬೆರಳಿಗೆ ಜಾಗ ಸಿಗುತ್ತದೆ, ಜೇಬಿನಲ್ಲಿ ಒಂದು ಸೆಂಟಿಮೀಟರ್ ಎತ್ತರ ಹೋಗುತ್ತದೆ. ಸ್ಲೈಡನ್ನು ಐದು ಸಲ ಎಳೆಯಿರಿ. ಎಡಗೈಯಲ್ಲಿ ಸ್ಲೈಡ್ ಬಿಗಿಹಿಡಿದು ಬಲಗೈಯಿಂದ ಹಿಡಿಯನ್ನು ಮುಂದಕ್ಕೆ ತಳ್ಳಿದರೆ ಸುಲಭ. ಐದನೆಯದಕ್ಕೆ ಬೆರಳು ಜಾರಿದರೆ ಬೆವರಿದ ಕೈಯಲ್ಲಿ ಆಗದ ಕೆಲಸ. ಅಂಗಡಿಯವರ ಒಪ್ಪಿಗೆ ಕೇಳಿ ಖಾಲಿ ಟ್ರಿಗರನ್ನು ಬಲಗೈ ಒಂದರಲ್ಲೇ ಹತ್ತು ಸಲ ಎಳೆದು ನೋಡಿ. ಮೊದಲನೆಯ ಎಲ್‌ಸಿಪಿ ಕೊನೆಯ ಗುಂಡಿನ ನಂತರ ಸ್ಲೈಡನ್ನು ತೆರೆದಿಡುವುದಿಲ್ಲ ಎಂಬುದೂ ತಿಳಿದಿರಲಿ. ಖಾಲಿಯಾಗಿದೆಯೋ ಸಿಕ್ಕಿಕೊಂಡಿದೆಯೋ ನೀವೇ ಊಹಿಸಬೇಕು.

ಹಳೆಯ ರಿವಾಲ್ವರ್ ಕೊಳ್ಳುವುದಾದರೆ ಒಂದು ಫೀಲರ್ ಗೇಜ್ (ಸಂದು ಅಳೆಯುವ ತೆಳು ಪಟ್ಟಿಗಳು) ಒಯ್ಯಿರಿ. ಸಿಲಿಂಡರಿಗೂ ನಳಿಗೆಗೂ ನಡುವಿನ ಸಂದು ಅಂಗುಲದ ಸಾವಿರದಲ್ಲಿ 4ರಿಂದ 10 ಭಾಗದೊಳಗಿರಬೇಕು. ಟ್ರಿಗರನ್ನು ಪೂರ್ತಿ ಹಿಂದೆ ಹಿಡಿದು ಸಿಲಿಂಡರ್ ಅಲ್ಲಾಡಿಸಿ ನೋಡಿ, ಹಿಂದೆಮುಂದೆ ಕಟಕಟ ಅಂದರೆ ಬೇಡ. ಹಿಡಿಗೆ ರಬ್ಬರ್ ಇದ್ದರೆ ಬದಲಾಯಿಸುವ ಖರ್ಚನ್ನೂ ಸೇರಿಸಿಕೊಳ್ಳಿ. ರಬ್ಬರ್ ಕೈಗೆ ಹಿತ, ಜೇಬಿನ ಬಟ್ಟೆಗೆ ಅಂಟು. ಮರದ್ದು ಅಥವಾ ಗಟ್ಟಿ ಪ್ಲಾಸ್ಟಿಕ್ಕಿನದು ಜಾರಿ ಬರುತ್ತದೆ.

ಹೋಲ್‌ಸ್ಟರ್ ಇಲ್ಲದೆ ಜೇಬಿಗಿಲ್ಲ

ಜೇಬಿನ ಹೋಲ್‌ಸ್ಟರಿಗೆ ನಾಲ್ಕು ಕೆಲಸ. ಟ್ರಿಗರನ್ನು ಪೂರ್ತಿ ಮುಚ್ಚಬೇಕು, ಹಿಡಿ ಯಾವಾಗಲೂ ಮೇಲಕ್ಕೇ ನಿಲ್ಲುವಂತೆ ನೋಡಿಕೊಳ್ಳಬೇಕು, ಹೊರಗಿನಿಂದ ಬಂದೂಕಿನ ಆಕಾರ ಕಾಣದಂತೆ ಮಾಡಬೇಕು, ಎಳೆದಾಗ ತಾನು ಜೇಬಿನಲ್ಲೇ ಉಳಿಯಬೇಕು. ಕೊನೆಯದರಲ್ಲೇ ಹೆಚ್ಚಿನವು ಸೋಲುತ್ತವೆ. ಡಿಸಾಂಟಿಸ್ ನೆಮೆಸಿಸ್‌ನಂಥ ಅಂಟು ಹೊರಮೈಯ ಬಟ್ಟೆ ಹೋಲ್‌ಸ್ಟರ್ ಅಗ್ಗ, ಸಾಮಾನ್ಯ ಜೇಬಿಗೆ ಸಾಕು. ಕೈಡೆಕ್ಸ್ ಪ್ಲಾಸ್ಟಿಕ್ಕಿನದು ಟ್ರಿಗರಿಗೆ ಹೆಚ್ಚು ಭದ್ರ, ಅದರ ಕೊಕ್ಕೆ ಜೇಬಿನ ಅಂಚಿಗೆ ಸಿಕ್ಕಿ ಕಳಚಿಕೊಳ್ಳುತ್ತದೆ. ದಪ್ಪ ಮಾತ್ರ ಹೆಚ್ಚು. ಖಾಲಿ ಬಂದೂಕಿನಲ್ಲಿ ಐವತ್ತು ಸಲ ಎಳೆದು ನೋಡಿ. ಒಂದು ಸಲವಾದರೂ ಹೋಲ್‌ಸ್ಟರ್ ಜೊತೆಗೇ ಬಂದರೆ ಬದಲಾಯಿಸಿ. ನೇರ ಮೇಲಕ್ಕೆ ಎಳೆಯುವ ಬದಲು ತುಸು ಹಿಂದಕ್ಕೆ ಒತ್ತಿ ಎಳೆದರೆ ಕೊಕ್ಕೆ ಜೇಬಿನ ಅಂಚಿಗೆ ಸಿಗುತ್ತದೆ.

ಎಳೆಯುವಾಗ ಮುಷ್ಟಿ ಸಿಕ್ಕಿಕೊಳ್ಳದಿರಲು ಹೆಬ್ಬೆರಳನ್ನು ಹಿಡಿಗೆ ಸುತ್ತಬೇಡಿ. ಸ್ಲೈಡಿನ ಹಿಂಬದಿಗೋ ರಿವಾಲ್ವರಿನ ಗೂನಿಗೋ ಒತ್ತಿಡಿ. ಮುಷ್ಟಿ ಅಷ್ಟರಮಟ್ಟಿಗೆ ತೆಳುವಾಗುತ್ತದೆ. ಹೊರಬಂದ ಮೇಲೆ ಹೆಬ್ಬೆರಳು ತನ್ನ ಜಾಗಕ್ಕೆ ಹೋಗಲಿ. ತೋರುಬೆರಳು ಅಲ್ಲಿಯವರೆಗೂ ಚೌಕಟ್ಟಿನ ಪಕ್ಕಕ್ಕೆ ನೇರವಾಗಿರಬೇಕು.

ವಾಪಸು ಇಡುವುದರಲ್ಲಿ ಎಳೆಯುವುದಕ್ಕಿಂತ ಹೆಚ್ಚು ಅಪಾಯ. ಜೇಬಿನೊಳಗಿರುವ ಹೋಲ್‌ಸ್ಟರಿಗೆ ಬಂದೂಕನ್ನು ತೂರಿಸುವಂತಿಲ್ಲ, ಏಕೆಂದರೆ ಒಳಗೆ ಕಾಣುವುದಿಲ್ಲ. ಬಟ್ಟೆಯ ಮಡಿಕೆಯೇ ಟ್ರಿಗರ್ ಎಳೆದೀತು. ಹೋಲ್‌ಸ್ಟರನ್ನು ಹೊರತೆಗೆಯಿರಿ, ಬೆರಳು ನಳಿಗೆಯ ಮುಂದೆ ಬರದಂತೆ ಹಿಡಿದು ಕಣ್ಣೆದುರೇ ಬಂದೂಕನ್ನು ಅದರೊಳಗಿಡಿ, ಆಮೇಲೆ ಎರಡೂ ಒಟ್ಟಿಗೆ ಜೇಬಿಗೆ.

ಕಾರಿನಲ್ಲಿ ಕೂತು ಸೀಟ್ ಬೆಲ್ಟ್ ಹಾಕಿದ ಮೇಲೆ ಮುಂಜೇಬಿನಿಂದ ಎಳೆಯುವುದು ಹೆಚ್ಚುಕಡಿಮೆ ಆಗದ ಮಾತು. ದಿನದ ಹೆಚ್ಚು ಹೊತ್ತು ಡ್ರೈವಿಂಗಿನಲ್ಲೇ ಕಳೆಯುವವರು ಜೇಬನ್ನು ಮರೆತು ಬೇರೆ ಜಾಗ ಯೋಚಿಸಲಿ. ನಿಂತು ನಡೆಯುವವರಿಗೆ ಇದಕ್ಕಿರುವ ಅನುಕೂಲ ಬೇರೆ ಯಾವುದಕ್ಕೂ ಇಲ್ಲ: ಜೇಬಿನಲ್ಲಿ ಕೈಯಿಟ್ಟು ನಿಂತವರನ್ನು ಯಾರೂ ಎರಡನೇ ಸಲ ನೋಡುವುದಿಲ್ಲ.

ನಂಬುವ ಮುಂಚೆ

ಪೆಟ್ಟಿಗೆಯಿಂದ ತೆಗೆದು ನೇರ ಜೇಬಿಗಲ್ಲ. ಮೊದಲು ಬಿಚ್ಚಿ, ಒರೆಸಿ, ಎಣ್ಣೆ ಹಾಕಿ. 200 ಸಾಧಾರಣ ಗುಂಡು, ಜೇಬಿನಲ್ಲಿ ಒಯ್ಯಲಿರುವ ಅದೇ ಬ್ರ್ಯಾಂಡಿನ 50 ಗುಂಡು ಹಾರಿಸಿ. ಒಂದೇ ದಿನ ಬೇಡ. ಹಗುರ ಬಂದೂಕಿನಲ್ಲಿ ಐವತ್ತು ದಾಟಿದರೆ ಕೈ ನಡುಗುತ್ತದೆ, ಬೆದರಿ ಕಣ್ಣು ಮುಚ್ಚುವ ಚಾಳಿ ಅಂಟುತ್ತದೆ, ಅದನ್ನು ಬಿಡಿಸಲು ತಿಂಗಳುಗಳು ಬೇಕು. ಕೊನೆಯ 50ರಲ್ಲಿ ಒಂದು ಸಿಕ್ಕಿಕೊಂಡರೂ ಕಾರಣ ತಿಳಿಯದೆ ಒಯ್ಯಬೇಡಿ: ಹಿಡಿ ಸಡಿಲವಿತ್ತೇ, ಮ್ಯಾಗಝೀನ್ ಕೆಟ್ಟಿತ್ತೇ, ಆ ಗುಂಡಿನ ತುದಿಯ ಆಕಾರ ಹೊಂದುವುದಿಲ್ಲವೇ. ಮ್ಯಾಗಝೀನ್‌ಗಳಿಗೆ ಬಣ್ಣದ ಗುರುತು ಹಾಕಿಕೊಂಡರೆ ಯಾವುದು ಕಳ್ಳ ಎಂದು ಬೇಗ ಗೊತ್ತಾಗುತ್ತದೆ.

ಗುರಿಯ ದೂರ 3 ಗಜದಿಂದ ಶುರು, 7 ಗಜಕ್ಕೆ ಮುಗಿಸಿ. ಅಲ್ಲಿ ಐದಕ್ಕೆ ಐದು ಊಟದ ತಟ್ಟೆಯಷ್ಟು ಜಾಗದಲ್ಲಿ ಬೀಳಬೇಕು. ರಿವಾಲ್ವರಿನಲ್ಲಿ ಖೋಲು ಹೊರತೆಗೆಯುವಾಗ ನಳಿಗೆಯನ್ನು ಆಕಾಶಕ್ಕೆತ್ತಿ, ಖೋಲು ಹೊರತಳ್ಳುವ ಕಡ್ಡಿಯನ್ನು ಅಂಗೈಯಿಂದ ಒಮ್ಮೆ ಬಲವಾಗಿ ಹೊಡೆಯಿರಿ. ಗಿಡ್ಡ ನಳಿಗೆಯವುಗಳ ಕಡ್ಡಿಯೂ ಗಿಡ್ಡ, ಮೆಲ್ಲಗೆ ತಳ್ಳಿದರೆ ಖೋಲು ಅರ್ಧಕ್ಕೇ ನಿಂತು ನಕ್ಷತ್ರದ ಕೆಳಗೆ ಜಾರುತ್ತದೆ.

ನೂಲು, ಬೆವರು, ಮನೆ

ಸೊಂಟದ ಬಂದೂಕಿಗಿಲ್ಲದ ಶತ್ರು ಜೇಬಿನದಕ್ಕಿದೆ: ಬಟ್ಟೆಯ ನೂಲಿನ ಧೂಳು. ಎಣ್ಣೆ ಹೆಚ್ಚಾದರೆ ಅದು ಅಂಟಿ ಗಸಿಯಾಗುತ್ತದೆ, ಹಾಲೋಪಾಯಿಂಟಿನ ಕುಳಿಯಲ್ಲೂ ತುಂಬಿಕೊಳ್ಳುತ್ತದೆ. ಎರಡು ವಾರಕ್ಕೊಮ್ಮೆ ಗುಂಡು ತೆಗೆದು, ಸ್ಲೈಡ್ ಬಿಚ್ಚಿ, ಹಲ್ಲುಜ್ಜುವ ಬ್ರಷ್ಷಿನಿಂದ ಗುಡಿಸಿ, ಒಂದೆರಡು ಹನಿ ಎಣ್ಣೆ ಹಾಕಿ ಒರೆಸಿ. ಜೇಬನ್ನೂ ಹೊರಳಿಸಿ ಕೊಡವಿ. ಹ್ಯೂಸ್ಟನ್, ಫ್ಲಾರಿಡಾದ ಬೇಸಿಗೆಯಲ್ಲಿ ಬೆವರಿಗೆ ತುಕ್ಕು ಹಿಡಿಯಲು ವಾರ ಸಾಕು. ಸ್ಕ್ರೂ ತಲೆ, ಗುರಿಮಣಿಯ ಬುಡ ಮೊದಲು ಕೆಂಪಾಗುತ್ತವೆ.

ದಿನಾ ರಾತ್ರಿ ಗುಂಡು ತೆಗೆದು ಬೆಳಿಗ್ಗೆ ಅದನ್ನೇ ನಳಿಗೆಗೆ ಏರಿಸುವ ಅಭ್ಯಾಸ ಕೆಟ್ಟದ್ದು. ಪ್ರತಿ ಸಲವೂ ಗುಂಡಿನ ಮೂತಿ ನಳಿಗೆಯ ಬಾಯಿನ ಇಳಿಜಾರಿಗೆ ಬಡಿದು ಕೂದಲೆಳೆಯಷ್ಟು ಖೋಲಿನೊಳಕ್ಕೆ ಕುಸಿಯುತ್ತದೆ. ಹಾಗೆ ಕುಸಿದ ತೋಟಾದ ಒತ್ತಡ ಮಿತಿ ಮೀರಿ ಪಿಸ್ತೂಲನ್ನೇ ಒಡೆಯಬಹುದು. ಹೋಲ್‌ಸ್ಟರಿನ ಸಮೇತ, ತುಂಬಿದ ಹಾಗೇ, ಬೇಗ ತೆರೆಯುವ ಬೀಗದ ಪೆಟ್ಟಿಗೆಗೆ ಹಾಕಿ. ಪ್ಯಾಂಟಿನಲ್ಲೇ ಬಿಟ್ಟು ಪ್ಯಾಂಟನ್ನು ಕುರ್ಚಿಯ ಮೇಲೆಸೆದು ಮಲಗಿದರೆ, ಬೆಳಿಗ್ಗೆ ನಿಮಗಿಂತ ಮೊದಲು ಏಳುವುದು ಮಕ್ಕಳು.

ಊರಿಗೆ ಹೊರಡುವ ಮುನ್ನ ಇನ್ನೊಂದು ಕೆಲಸ. ರೇಂಜಿಗೆ ಹಾಕಿಕೊಂಡು ಹೋದ ಕೋಟು, ಬೆನ್ನಿನ ಚೀಲ, ಲ್ಯಾಪ್‌ಟಾಪ್ ಚೀಲದ ಸಣ್ಣ ಜೇಬು, ಎಲ್ಲವನ್ನೂ ತಲೆಕೆಳಗು ಮಾಡಿ ಕೊಡವಿ, ಹೊಲಿಗೆಯ ಸಂದಿಯವರೆಗೂ ಬೆರಳಾಡಿಸಿ. ಮರೆತುಹೋದ ಒಂದೇ ಒಂದು ತೋಟಾ ವಾಪಸು ಹೊರಡುವ ದಿನ ಬೆಂಗಳೂರು ವಿಮಾನ ನಿಲ್ದಾಣದ ಎಕ್ಸ್‌ರೇಯಲ್ಲಿ ಕಂಡರೆ ಶಸ್ತ್ರಾಸ್ತ್ರ ಕಾಯ್ದೆಯಡಿ ಕೇಸಾಗುತ್ತದೆ. ಗೊತ್ತಿಲ್ಲದೆ ಬಂದದ್ದು ಎಂದು ಕೋರ್ಟಿನಲ್ಲಿ ತೋರಿಸಿ ಬಿಡುಗಡೆಯಾದವರಿದ್ದಾರೆ. ವಿಮಾನ ಮಾತ್ರ ಅವರನ್ನು ಬಿಟ್ಟು ಹೋಗಿರುತ್ತದೆ.